ಕೊಡಗಿನಲ್ಲಿ ಅಪರಾಧ ನಿಜವಾಗಿಯೂ ಹೆಚ್ಚಾಗಿದೆಯಾ? ತೋಟದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ

ಮೈಸೂರಿನಲ್ಲಿರುವ ಮಗಳು
ಎಲ್ಲರಿಗೂ ನಮಸ್ಕಾರ. ನನ್ನ ಅಪ್ಪ ಅಮ್ಮ ವಿರಾಜಪೇಟೆ ತಾಲೂಕಿನ ಒಂದು ಗ್ರಾಮದಲ್ಲಿ ತೋಟದ ಮನೆಯಲ್ಲಿ ಇಬ್ಬರೇ ಇದ್ದಾರೆ. ಅಪ್ಪನಿಗೆ 74, ಅಮ್ಮನಿಗೆ 69. ಪಕ್ಕದ ಮನೆಗೆ ಹೋಗಬೇಕಾದರೆ ಗದ್ದೆ ದಾಟಿ ಏರು ಹತ್ತಬೇಕು, ಕೂಗಿದರೆ ಕೇಳಿಸುವುದಿಲ್ಲ.

ಹೋದ ಗುರುವಾರ ರಾತ್ರಿ ಕಣದಲ್ಲಿ ಒಣಗಲು ಹಾಕಿದ್ದ ಕಾಳುಮೆಣಸು ಸುಮಾರು 60 ಕೆಜಿ, ಜೊತೆಗೆ ಎರಡು ಚೀಲ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು) ಕಳುವಾಯಿತು. ಟಾರ್ಪಾಲಿನ ಹಗ್ಗ ಬಿಚ್ಚಿಲ್ಲ, ಕತ್ತಿಯಲ್ಲಿ ಕೊಯ್ದಿದ್ದಾರೆ. ನಾಯಿಗೆ ಏನೋ ತಿನ್ನಿಸಿದ್ದಾರೆ, ಮರುದಿನ ಹನ್ನೊಂದು ಗಂಟೆಯವರೆಗೂ ಅದು ಎದ್ದು ನಿಲ್ಲಲಿಲ್ಲ. ನನ್ನನ್ನು ಕಾಡುತ್ತಿರುವುದು ಇದ್ಯಾವುದೂ ಅಲ್ಲ. ಅಮ್ಮ ಎಚ್ಚರವಾಗಿದ್ದರಂತೆ. ಸಿಮೆಂಟಿನ ಮೇಲೆ ಚೀಲ ಎಳೆಯುವ ಸದ್ದು ಕೇಳಿಸಿತಂತೆ. ಅಪ್ಪ ಎದ್ದರೆ ಹೊರಗೆ ಹೋಗುತ್ತಾರೆ ಅಂತ ಅವರ ತೋಳು ಹಿಡಿದುಕೊಂಡು ಸುಮ್ಮನೆ ಮಲಗಿದ್ದರಂತೆ. ಸದ್ದು ನಿಂತ ಮೇಲೂ ಬೆಳಕು ಹರಿಯುವವರೆಗೆ ಕೈ ಬಿಟ್ಟಿಲ್ಲ.

ಅಪ್ಪ ಠಾಣೆಗೆ ಹೋದರು (ಯಾವ ಠಾಣೆ ಅಂತ ಹಾಕಲ್ಲ, ಅಲ್ಲಿನವರ ಜೊತೆ ಜಗಳ ಬೇಡ). "ಬರೆದುಕೊಟ್ಟು ಹೋಗಿ, ನೋಡ್ತೇವೆ" ಅಂದರಂತೆ. ಒಂದು ಬಿಳಿ ಹಾಳೆಯಲ್ಲಿ ಬರೆದುಕೊಟ್ಟು ಬಂದಿದ್ದಾರೆ. ರಸೀದಿ ಇಲ್ಲ, ನಂಬರ್ ಇಲ್ಲ.

ಕೊಡಗಲ್ಲಿ ಕ್ರೈಂ ರೇಟ್ ಜಾಸ್ತಿ ಆಗಿದೆಯಾ, ಅಥವಾ ನಮಗೆ ಹಾಗೆ ಅನ್ನಿಸುತ್ತಿದೆಯಾ? ಅವರನ್ನು ಮೈಸೂರಿಗೆ ಕರೆದುಕೊಂಡು ಬರಲಾ? ಇಬ್ಬರೂ ಒಪ್ಪುತ್ತಿಲ್ಲ.

ಗೋಣಿಕೊಪ್ಪ ಸಂತೆ
ಜಾಸ್ತಿ ಆಗಿದೆ ಅಕ್ಕ, ಅದರಲ್ಲಿ ಅನುಮಾನವೇ ಇಲ್ಲ. ನಮ್ಮ ಚಿಕ್ಕಪ್ಪನ ತೋಟದಲ್ಲಿ ಬಳ್ಳಿಯಿಂದಲೇ ಕೊಯ್ದುಕೊಂಡು ಹೋದರು, ಏಣಿ ಕೂಡ ನಮ್ಮದೇ.

ಜಮ್ಮಾ ತೋಟ
ನಾವು ಚಿಕ್ಕವರಿದ್ದಾಗ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಕಣದಲ್ಲಿ ವಾರಗಟ್ಟಲೆ ಕಾಫಿ ಬಿದ್ದಿರುತ್ತಿತ್ತು, ಒಬ್ಬರೂ ಮುಟ್ಟುತ್ತಿರಲಿಲ್ಲ. ಈಗ ಹೊರಗಿನವರು ಬಂದಿದ್ದಾರೆ. ಯಾರು ಎಲ್ಲಿಂದ ಬಂದರು, ತೋಟದ ಕೂಲಿಯವರಿರುವ ಯಾವ ಲೈನ್‌ಮನೆಯಲ್ಲಿದ್ದಾರೆ, ಯಾವಾಗ ಹೋಗ್ತಾರೆ, ಒಂದೂ ಗೊತ್ತಿಲ್ಲ. ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಲೆಕ್ಕದ ಮೇಷ್ಟ್ರು
ಮಗಳೇ, ಕ್ರೈಂ ರೇಟ್ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಒಂದು ಲಕ್ಷ ಜನಕ್ಕೆ ವರ್ಷಕ್ಕೆ ಎಷ್ಟು ಪ್ರಕರಣ ದಾಖಲಾಯಿತು ಅನ್ನುವುದೇ ಆ ಲೆಕ್ಕ. "ದಾಖಲಾಯಿತು" ಅನ್ನುವುದನ್ನು ಮರೆಯಬೇಡಿ, ನಡೆಯಿತು ಅಂತಲ್ಲ.

2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 5,54,519. 2001ರಲ್ಲಿ 5,48,561. ಹತ್ತು ವರ್ಷದಲ್ಲಿ ಆರು ಸಾವಿರ ಕೂಡ ಏರಿಲ್ಲ. ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಒಂದೇ ಒಂದು ಕೊಲೆ ಹೆಚ್ಚಾದರೆ ದರ 0.18ರಷ್ಟು ಮೇಲೆ ಹೋಗುತ್ತದೆ. ಅದೇ ಬೆಂಗಳೂರು ನಗರ ಜಿಲ್ಲೆಯ 96 ಲಕ್ಷ ಜನದ ಲೆಕ್ಕಕ್ಕೆ ಒಂದು ಕೊಲೆ ಸೇರಿದರೆ 0.01 ಏರುತ್ತದೆ, ಅಷ್ಟೇ. ಒಂದು ವರ್ಷ ಒಂದೇ ಮನೆಯಲ್ಲಿ ಮೂರು ಜನ ಸತ್ತರೆ "ಕೊಡಗಿನಲ್ಲಿ ಕೊಲೆ ಭಾರಿ ಏರಿಕೆ" ಅಂತ ತಲೆಬರಹ ಬರುತ್ತದೆ. ಮುಂದಿನ ವರ್ಷ ಇಳಿದರೆ ಯಾರೂ ಬರೆಯುವುದಿಲ್ಲ.

ಇನ್ನೊಂದು ತೊಡಕು ಇದೆ. ಶನಿವಾರ ಭಾನುವಾರ ರಾಜಾಸೀಟು, ಅಬ್ಬಿ, ದುಬಾರೆ, ಮಾಂದಲಪಟ್ಟಿಗೆ ಬರುವ ಪ್ರವಾಸಿಗರು ನಮ್ಮ ಜನಸಂಖ್ಯೆಯಲ್ಲಿ ಸೇರಿಲ್ಲ. ಅವರ ಪರ್ಸ್ ಕಳುವಾದರೆ, ಅವರ ನಡುವೆ ಹೊಡೆದಾಟವಾದರೆ, ಅದು ಮಾತ್ರ ನಮ್ಮ ಲೆಕ್ಕಕ್ಕೆ ಬರುತ್ತದೆ. ಭಾಗಿಸುವ ಸಂಖ್ಯೆ ಚಿಕ್ಕದೇ ಉಳಿಯುತ್ತದೆ.

ಗೋಣಿಕೊಪ್ಪ ಸಂತೆ
ಸರ್, ಲೆಕ್ಕ ಸರಿ ಇರಬಹುದು. ಅವರ ಅಮ್ಮನಿಗೆ ಈ ಲೆಕ್ಕದಿಂದ ರಾತ್ರಿ ನಿದ್ದೆ ಬರುತ್ತಾ?

ಲೆಕ್ಕದ ಮೇಷ್ಟ್ರು
ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಊರು ಬಿಡಬೇಕಾ ಅಂತ ಕೇಳಿದ್ದಾರೆ. ಅಷ್ಟು ದೊಡ್ಡ ನಿರ್ಧಾರವನ್ನು ತಲೆಬರಹ ನೋಡಿ ಮಾಡಬಾರದು ಅಂತ ಹೇಳಿದೆ.

ಲೈನ್‌ಮನೆಯಲ್ಲಿ ಬೆಳೆದವನು
ಜಮ್ಮಾ ತೋಟದವರೇ, ನಾನು ಲೈನ್‌ಮನೆಯಲ್ಲೇ ಹುಟ್ಟಿ ಬೆಳೆದವನು. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸ ಮಾಡಿದವರು. ಎಲ್ಲಿ ಏನು ಕಳುವಾದರೂ ಮೊದಲು ನಮ್ಮ ಸಾಲಿಗೇ ಬರುತ್ತಿದ್ದರು. ನನಗೆ ಒಂಬತ್ತು ವರ್ಷ ಇದ್ದಾಗ ಒಂದು ಸಲ ನಮ್ಮ ಪಾತ್ರೆ, ಬಟ್ಟೆ, ಅಕ್ಕಿ ಡಬ್ಬ ಎಲ್ಲ ಅಂಗಳಕ್ಕೆ ಸುರಿದು ನೋಡಿದರು. ಅಕ್ಕಿ ಮಣ್ಣಿನಲ್ಲಿ ಬಿತ್ತು. ಅಮ್ಮ ಕೂತು ಆರಿಸಿದರು, ನಾನೂ ಜೊತೆಗೆ ಆರಿಸಿದೆ. ಕದ್ದವನು ಆಮೇಲೆ ಸಿಕ್ಕಿದ, ಧಣಿಯ ನೆಂಟರ ಪೈಕಿ ಒಬ್ಬ. ಆರಿಸಿದ ಅಕ್ಕಿಗೆ ಯಾರೂ ಒಂದು ಮಾತು ಹೇಳಲಿಲ್ಲ.

ಈಗ ನಾವು ಹೋಗಿ ಆ ಜಾಗಕ್ಕೆ ಅಸ್ಸಾಮಿನವರು ಬಂದಿದ್ದಾರೆ. ಅನುಮಾನ ಮಾತ್ರ ಅದೇ ಸಾಲಿನ ಮೇಲೆ ನಿಂತಿದೆ.

ಹೆಂಡತಿಯನ್ನು ಕೊಂದ ಅಂತ ಜೈಲಿನಲ್ಲಿದ್ದ ನಮ್ಮ ಜಿಲ್ಲೆಯ ಕೂಲಿ ಕೆಲಸದವನ ಕಥೆ ಎಲ್ಲರಿಗೂ ಗೊತ್ತಲ್ಲ? 2025ರಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲಿನಲ್ಲಿ ಜೀವಂತವಾಗಿ ಕಾಣಿಸಿಕೊಂಡಳು. ಬಡವನ ಮೇಲೆ ಅನುಮಾನ ಬಂದರೆ ಯಾರೂ ಎರಡನೇ ಸಲ ನೋಡುವುದಿಲ್ಲ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಆದರೆ ಬೆರಳು ತೋರಿಸುವ ಮೊದಲು ಇದು ನೆನಪಿರಲಿ.

ಜಮ್ಮಾ ತೋಟ
ತಮ್ಮಾ, ನಿನ್ನ ಮಾತು ಓದಿ ಬೇಜಾರಾಯಿತು. ಎಲ್ಲರೂ ಕಳ್ಳರು ಅಂದಿಲ್ಲ ನಾನು. ಕೆಲಸಕ್ಕೆ ಬಂದವರ ಹೆಸರು, ಆಧಾರ್ ಪ್ರತಿ ಠಾಣೆಗೆ ಕೊಡಿ ಅಂತ ಪೊಲೀಸರೇ ಹೇಳುತ್ತಾರೆ, ಅರ್ಧ ಜನ ಮಾಲೀಕರು ಕೊಡುವುದಿಲ್ಲ. ನನ್ನ ತಕರಾರು ಅಲ್ಲಿರೋದು.

ಲೈನ್‌ಮನೆಯಲ್ಲಿ ಬೆಳೆದವನು
ಅದಾದರೆ ಸರಿ ಅಣ್ಣ. ಆ ಪಟ್ಟಿ ಅವರಿಗೂ ಒಳ್ಳೆಯದೇ. ಕೆಲಸದಲ್ಲಿದ್ದಾಗ ಸತ್ತರೆ ಊರಿಗೆ ಸುದ್ದಿ ಮುಟ್ಟಿಸಲು ಒಂದು ವಿಳಾಸವಾದರೂ ಇರುತ್ತದೆ. ಆದರೆ ಕಳುವಾದ ದಿನ ಮಾತ್ರ ಆ ಪಟ್ಟಿ ತೆಗೆಯಬೇಡಿ.

ಹಳೆ ಬೀಟು
ನಾನು ಇಲಾಖೆಯಲ್ಲಿದ್ದು ನಿವೃತ್ತಿ ಆದವನು, ಜಿಲ್ಲೆಯ ಮೂರು ಕಡೆ ಕೆಲಸ ಮಾಡಿದ್ದೇನೆ. ಬಿಳಿ ಹಾಳೆಯ ವಿಷಯ ಹೇಳಲೇಬೇಕು. ಬಿಳಿ ಹಾಳೆ ಕೊಟ್ಟು ಬಂದರೆ ಅದು ಫೈಲಿನಲ್ಲಿ ಕೂರುತ್ತದೆ, ಲೆಕ್ಕಕ್ಕೆ ಸೇರುವುದಿಲ್ಲ. ತಿಂಗಳ ಸಭೆಯಲ್ಲಿ ಪತ್ತೆಯಾಗದ ಪ್ರಕರಣ ಎಷ್ಟು ಅಂತ ಮೇಲಿನವರು ಕೇಳುತ್ತಾರೆ. ರಾತ್ರಿ ತೋಟದಲ್ಲಿ ಆದ ಕಳವು ಪತ್ತೆ ಮಾಡುವುದು ಕಷ್ಟ, ಅದಕ್ಕೇ ಬರೆಯಲು ಹಿಂಜರಿಯುತ್ತಾರೆ. ತಪ್ಪು, ಆದರೆ ನಡೆಯುತ್ತದೆ. ಎಲ್ಲ ಠಾಣೆಯಲ್ಲೂ ಅಲ್ಲ.

ಮೇಷ್ಟ್ರು ಹೇಳಿದ "ದಾಖಲಾಯಿತು" ಅನ್ನುವ ಮಾತಿನ ಒಳಗುಟ್ಟು ಇದೇ. ಹತ್ತು ಮನೆಯವರು ಬಿಳಿ ಹಾಳೆ ಕೊಟ್ಟು ಬಂದರೆ ಕಾಗದದ ಮೇಲೆ ಆ ಊರಿನಲ್ಲಿ ಕಳ್ಳತನವೇ ಇಲ್ಲ. ಕಳ್ಳತನವೇ ಇಲ್ಲದ ಊರಿಗೆ ರಾತ್ರಿ ಗಸ್ತು ಯಾಕೆ ಹೆಚ್ಚು ಕಳಿಸುತ್ತಾರೆ? ಜೀಪು ಇರೋದು ಒಂದು, ಡೀಸೆಲ್‌ಗೂ ಲೆಕ್ಕ ಕೇಳುತ್ತಾರೆ, ಎಲ್ಲಿ ಪ್ರಕರಣ ಇದೆಯೋ ಅಲ್ಲಿಗೇ ಓಡುತ್ತದೆ.

ಕಪ್ಪು ಕೋಟು
ಹಳೆ ಬೀಟು ಸರ್ ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. 2024ರ ಜುಲೈ 1ರಿಂದ ಹೊಸ ಕಾನೂನು ಜಾರಿಯಲ್ಲಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ವ್ಯಾಪ್ತಿ ನಮ್ಮದಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ಇ-ಮೇಲ್ ಥರ ಎಲೆಕ್ಟ್ರಾನಿಕ್ ವಿಧಾನದಲ್ಲೂ ಕೊಡಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸದಿದ್ದರೆ ದೂರಿನ ಸಾರಾಂಶ ಬರೆದು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಕಳುವಾದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಾದರೆ ಅದು ಈಗ ಪೊಲೀಸರು ತಾವಾಗಿಯೇ ತನಿಖೆಗೆ ಇಳಿಯುವ ಅಪರಾಧ ಅಲ್ಲ. ಮೆಣಸು ಕೆಜಿಗೆ ಆರುನೂರು ಅಂತ ಹಿಡಿದರೂ ಎಂಟು ಕೆಜಿಯವರೆಗೆ ಆ ಮಿತಿಯೊಳಗೇ ಬರುತ್ತದೆ. ಹಾಗಾಗಿ ದೂರಿನಲ್ಲಿ "ಸ್ವಲ್ಪ ಮೆಣಸು" ಅಂತ ಬರೆಯಬೇಡಿ. ತೂಕ, ಆ ದಿನದ ಮಾರುಕಟ್ಟೆ ದರ, ಒಟ್ಟು ಮೌಲ್ಯ ಬರೆಯಿರಿ. ನಿಮ್ಮದು 60 ಕೆಜಿ, ಮಿತಿಯ ಪ್ರಶ್ನೆಯೇ ಇಲ್ಲ.

ಶನಿವಾರಸಂತೆ ಹುಡುಗ
ಇಷ್ಟೆಲ್ಲ ಯಾಕೆ. ಮನೆಯಲ್ಲಿ ಕೋವಿ ಇಲ್ವಾ? ಎರಡು ಗುಂಡು ಮೇಲಕ್ಕೆ ಹೊಡೆದರೆ ಮತ್ತೆ ಆ ಕಡೆ ತಲೆ ಹಾಕಲ್ಲ.

ಜಮ್ಮಾ ತೋಟ
ತಮ್ಮಾ, ಕೋವಿಯ ವಿಷಯ ಹಗುರವಾಗಿ ಮಾತಾಡಬೇಡ. ಕೈಲ್‌ಪೊಳ್ದ್ ಹಬ್ಬದ ದಿನ ತೋಕ್ (ಕೋವಿ) ಪೂಜೆ ಮಾಡುತ್ತೇವೆ, ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುತ್ತೇವೆ. ಮನುಷ್ಯನ ಕಡೆ ತಿರುಗಿಸಲು ನಮ್ಮ ಹಿರಿಯರು ಕೊಟ್ಟದ್ದಲ್ಲ ಅದು. ಕೊಡವರಿಗೆ, ಜಮ್ಮಾ ಭೂಮಿ (ಕೊಡಗಿನ ಪರಂಪರಾಗತ ಹಿಡುವಳಿ) ಇರುವವರಿಗೆ ಸಿಕ್ಕಿರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿ ಹಿಡಿದಿದೆ. ಒಬ್ಬ ಅವಿವೇಕಿ ಕಣದ ಕಳ್ಳನಿಗೆ ಗುಂಡು ಹೊಡೆದರೆ ಇಡೀ ನಾಡಿನ ಹಕ್ಕಿಗೆ ಕುತ್ತು.

ಕಪ್ಪು ಕೋಟು
ಕಾನೂನೂ ಅದನ್ನೇ ಹೇಳುತ್ತದೆ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳಲ್ಲಿದೆ. ಆಸ್ತಿ ಕಾಪಾಡಲು ಜೀವ ತೆಗೆಯುವ ಮಟ್ಟಕ್ಕೆ ಹೋಗಲು ಬಲು ಬಿಗಿಯಾದ ಷರತ್ತುಗಳಿವೆ. ರಾತ್ರಿ ಮನೆ ಮುರಿದು ಒಳನುಗ್ಗುವುದು, ದರೋಡೆ, ಪ್ರಾಣಕ್ಕೆ ಅಪಾಯ ಅಂತ ನ್ಯಾಯವಾಗಿ ಅನ್ನಿಸುವ ಸನ್ನಿವೇಶ, ಇಂಥವು. ಚೀಲ ಹೊತ್ತು ಓಡುತ್ತಿರುವವನ ಬೆನ್ನಿಗೆ ಗುಂಡು ಹೊಡೆದರೆ ಅದು ಕೊಲೆ ಪ್ರಕರಣ. 74 ವರ್ಷದ ಅಪ್ಪನನ್ನು ಆ ಸ್ಥಿತಿಗೆ ನೂಕಬೇಡಿ.

ಶನಿವಾರಸಂತೆ ಹುಡುಗ
ಸರಿ ಸರ್, ತಪ್ಪಾಯಿತು. ಕೋಪದಲ್ಲಿ ಬರೆದೆ. ನಮ್ಮ ಅಜ್ಜಿಯೂ ಒಬ್ಬರೇ ಇರ್ತಾರೆ.

ಸುಂಟಿಕೊಪ್ಪ ಆಟೋ
ಕಳ್ಳರ ಭಯಕ್ಕಿಂತ ನನಗೆ ಆನೆ ಭಯ ಜಾಸ್ತಿ. ಆನೆಕಾಡಿನಲ್ಲಿ ರಾತ್ರಿ ಬಾಡಿಗೆ ಬಂದರೆ ಹೋಗಲ್ಲ ಅಂತೀನಿ. ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ನಡೆದು ಹೋಗುವ ಹೆಂಗಸರನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. ಮಂಜು, ಕಾಫಿ ಗಿಡ ಎರಡಾಳು ಎತ್ತರ, ಆನೆ ಹತ್ತು ಅಡಿಯಲ್ಲಿ ನಿಂತಿದ್ದರೂ ಕಾಣಲ್ಲ. ಸುರಕ್ಷತೆ ಅಂದ್ರೆ ಇದೂ ಸೇರಬೇಕಲ್ವಾ?

ನಾಪೋಕ್ಲು ನಿವಾಸಿ
ಸೇರಬೇಕು. ರಸ್ತೆನೂ ಸೇರಿಸಿ. ಕುಶಾಲನಗರದಿಂದ ಸಂಪಾಜೆವರೆಗೆ ಹೆದ್ದಾರಿಯಲ್ಲಿ ವಾರಾಂತ್ಯ ಬಂದರೆ ಓಡಿಸುವ ರೀತಿ ನೋಡಿದ್ದೀರಾ? ನಮ್ಮ ಕುಟುಂಬದಲ್ಲಿ ಕಳ್ಳರಿಂದ ಸತ್ತವರು ಯಾರೂ ಇಲ್ಲ, ತಿರುವಿನಲ್ಲಿ ಇಬ್ಬರನ್ನು ಕಳೆದುಕೊಂಡಿದ್ದೇವೆ.

ಭಾಗಮಂಡಲ ಹೋಂಸ್ಟೇ
112ಕ್ಕೆ ಕರೆ ಮಾಡಿ ಅಂತ ಬೋರ್ಡ್ ಹಾಕಿದ್ದಾರೆ, ಒಳ್ಳೆಯದೇ. ಜೂನ್ ಬಂದ ಮೇಲೆ ನಮ್ಮಲ್ಲಿ ಕರೆಂಟ್ ಹೋದರೆ ನಾಲ್ಕು ದಿನ ಇಲ್ಲ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಸುಮ್ಮನಾಗುತ್ತೆ. ಗುಡ್ಡ ಹತ್ತಿ ಫೋನ್ ಎತ್ತಿ ಹಿಡಿದರೆ ಒಂದು ಕಡ್ಡಿ ಬರುತ್ತೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಕರೆ ಬಾರದೆ ಎಷ್ಟು ಮನೆಯವರು ಎಷ್ಟು ಹೊತ್ತು ಕಾದರು ಅಂತ ಅಲ್ಲಿದ್ದವರಿಗೆ ಗೊತ್ತು. ಕಳ್ಳ ಬಂದ ರಾತ್ರಿಯೂ ಅದೇ ಕಥೆ.

ಗೋಣಿಕೊಪ್ಪ ಸಂತೆ
ಹೋಂಸ್ಟೇಯವರೇ, ನೋಂದಣಿ ಇಲ್ಲದ ಹೋಂಸ್ಟೇಗಳ ಬಗ್ಗೆಯೂ ಒಂದು ಮಾತು ಹೇಳಿ. ಯಾರು ಬಂದರು ಅಂತ ಪುಸ್ತಕದಲ್ಲಿ ಬರೆದುಕೊಳ್ಳದೆ ರೂಂ ಕೊಡುತ್ತಾರೆ.

ಭಾಗಮಂಡಲ ಹೋಂಸ್ಟೇ
ನಾವು ನೋಂದಣಿ ಮಾಡಿಸಿದ್ದೇವೆ, ಎಲ್ಲರ ಗುರುತಿನ ಚೀಟಿ ತೆಗೆದುಕೊಳ್ಳುತ್ತೇವೆ. ಮಾಡಿಸದವರಿಂದ ನಮಗೂ ಹೊಡೆತ. ಬೆಂಗಳೂರಿನಿಂದ ಗಾಂಜಾ, ಎಂಡಿಎಂಎ ಥರದ ಮಾದಕ ವಸ್ತು ತಂದು ಪಾರ್ಟಿ ಮಾಡುವವರು ಪುಸ್ತಕ ಇಲ್ಲದ ಮನೆಯನ್ನೇ ಹುಡುಕುತ್ತಾರೆ. ಇದನ್ನು ಮುಚ್ಚಿಡುವುದು ನನಗೆ ಬೇಡ.

ಅಂಗನವಾಡಿ ಅಕ್ಕ
ಬೆಳಿಗ್ಗೆಯಿಂದ ಎಲ್ಲ ಓದಿದೆ. ಮೆಣಸು, ಕಾಫಿ, ಆನೆ, ಕೋವಿ, ರಸ್ತೆ ಎಲ್ಲ ಬಂತು. ಮನೆಯೊಳಗೆ ಏಟು ತಿನ್ನುವ ಹೆಂಗಸಿನ ಮಾತು ಒಬ್ಬರೂ ಎತ್ತಲಿಲ್ಲ. ನಾನು ಓಡಾಡುವ ಲೈನ್‌ಮನೆ ಸಾಲುಗಳಲ್ಲಿ ಶನಿವಾರ ಬಟವಾಡೆ ಆದ ರಾತ್ರಿ ಏನಾಗುತ್ತದೆ ಅಂತ ಸೋಮವಾರ ಮಕ್ಕಳ ಮುಖದಲ್ಲಿ ಗೊತ್ತಾಗುತ್ತದೆ. ಒಂದು ಮಗು ಸೋಮವಾರ ಬಂದ ಕೂಡಲೇ ಚಾಪೆಯಲ್ಲಿ ಮಲಗಿಬಿಡುತ್ತದೆ. ಊಟಕ್ಕೆ ಎಬ್ಬಿಸಿದರೂ ಏಳುವುದಿಲ್ಲ. ಎರಡು ರಾತ್ರಿ ಅದಕ್ಕೆ ನಿದ್ದೆ ಇಲ್ಲ.

ಇದು ಯಾವ ಕ್ರೈಂ ರೇಟಿನಲ್ಲೂ ಬರುವುದಿಲ್ಲ. ದೊಡ್ಡ ಮನೆಗಳಲ್ಲೂ ಇದೆ, ಅಲ್ಲಿ ಗೋಡೆ ದಪ್ಪ, ಅಷ್ಟೇ. ಠಾಣೆಗೆ ಹೋದರೆ ಹಿರಿಯರು ಕೂತು ರಾಜಿ ಮಾಡಿಸಿ ಕಳಿಸುತ್ತಾರೆ. ಮಹಿಳಾ ಸಹಾಯವಾಣಿ 181, ಮಕ್ಕಳದು 1098. ನಾನು ಈ ಎರಡು ನಂಬರನ್ನು ತಾಯಿ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಡುತ್ತೇನೆ. ಪೆನ್ನಿನಲ್ಲಿ ಬರೆದರೆ ಗಂಡ ನೋಡಿದಾಗ ಅಳಿಸಲು ಆಗುವುದಿಲ್ಲ.

ಹಳೆ ಬೀಟು
ಅಕ್ಕ, ನೀವು ಹೇಳಿದ್ದು ಸತ್ಯ. ಸರ್ವಿಸಿನಲ್ಲಿ ನಾನೂ ಅಂಥ ರಾಜಿಗಳಿಗೆ ಸಾಕ್ಷಿಯಾಗಿ ಕೂತಿದ್ದೇನೆ. ಅವರಲ್ಲಿ ಒಬ್ಬಳು ಮುಂದಿನ ವರ್ಷ ಬದುಕಿರಲಿಲ್ಲ. ಇವತ್ತಿಗೂ ಆ ಮನೆಯ ದಾರಿಯಲ್ಲಿ ಹೋಗುವುದಿಲ್ಲ ನಾನು.

ನಾಪೋಕ್ಲು ನಿವಾಸಿ
ವಯಸ್ಸಾದವರ ವಿಷಯಕ್ಕೆ ಬಂದರೆ ಈಗ ಕಳ್ಳ ಅಂಗಳಕ್ಕೇ ಬರಬೇಕಾಗಿಲ್ಲ. ನಮ್ಮ ದೊಡ್ಡಮ್ಮನಿಗೆ ವಿಡಿಯೋ ಕಾಲ್ ಮಾಡಿ "ಡಿಜಿಟಲ್ ಅರೆಸ್ಟ್" ಅಂತ ಹೆದರಿಸಿದರು, ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ ಅವರು. ಅಂಥ ಅರೆಸ್ಟ್ ಕಾನೂನಿನಲ್ಲೇ ಇಲ್ಲ. ಹಣ ಹೋದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೆಳಿಗ್ಗೆ ಮಾಡೋಣ ಅಂತ ಬಿಟ್ಟರೆ ಅಷ್ಟರಲ್ಲಿ ಹಣ ಹತ್ತು ಖಾತೆ ದಾಟಿರುತ್ತದೆ. ಅಪ್ಪ ಅಮ್ಮನ ಫೋನಿನಲ್ಲಿ ಈ ನಂಬರ್ ಹಾಕಿಡಿ.

ಕಣದ ಕಾವಲು
ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ನಾನು ಮೆಣಸು ಕೊಳ್ಳುವ ವ್ಯಾಪಾರದಲ್ಲಿ ಇಪ್ಪತ್ತು ವರ್ಷ ಇದ್ದವನು. ಕದ್ದವನು 60 ಕೆಜಿ ಮೆಣಸು ತಿನ್ನುವುದಿಲ್ಲ, ಅದು ಮಾರಲೇಬೇಕಾದ ಮಾಲು. ಯಾರೋ ಒಬ್ಬರು ಕೊಳ್ಳಲೇಬೇಕು. ತೋಟವೇ ಇಲ್ಲದವನು ಬೆಳಿಗ್ಗೆ ಏಳಕ್ಕೆ ಅರ್ಧ ಒಣಗಿದ ಮೆಣಸು ತಂದರೆ ಕೊಳ್ಳುವವನಿಗೆ ಗೊತ್ತಾಗುವುದಿಲ್ಲವೇ? ಚೆನ್ನಾಗಿ ಗೊತ್ತಾಗುತ್ತದೆ. ಬೆಳೆಗಾರ ಪೂರ್ತಿ ಒಣಗಿಸಿ, ತೂರಿ, ಕಡ್ಡಿ ಆರಿಸಿ ತರುತ್ತಾನೆ. ಕದ್ದ ಮೆಣಸಿನಲ್ಲಿ ಗೊಂಚಲಿನ ಕಡ್ಡಿ ಹಾಗೇ ಇರುತ್ತದೆ, ಕೈ ಹಾಕಿದರೆ ಒಳಗೆ ಬಿಸಿ ತಾಗುತ್ತದೆ, ಕಾಳು ಹಲ್ಲಿಗೆ ಕೊಟ್ಟರೆ ಒಡೆಯುವುದಿಲ್ಲ, ಚಪ್ಪಟೆಯಾಗುತ್ತದೆ. ಇಷ್ಟು ನೋಡಿಯೂ ಕೆಲವರು ಅರ್ಧ ರೇಟಿಗೆ ಕೊಳ್ಳುತ್ತಾರೆ. ಕಳ್ಳತನ ಬೆಳೆದದ್ದು ಅವರಿಂದ.

ಬೆಲೆ ಏರಿದ ಮೇಲೆ ಇದು ಜಾಸ್ತಿಯಾಯಿತು. 50 ಕೆಜಿ ರೋಬಸ್ಟಾ ಚೆರಿ ಹತ್ತು ಸಾವಿರ ದಾಟಿದ ಕಾಲದಿಂದ ಒಂದು ಚೀಲ ಕಾಫಿ ಅಂದರೆ ಚಿನ್ನದ ಉಂಗುರ ಬೀದಿಯಲ್ಲಿ ಇಟ್ಟ ಹಾಗೆ. ಕದ್ದ ಮಾಲು ಅಂತ ತಿಳಿದು ಕೊಳ್ಳುವುದೂ ಅಪರಾಧವೇ, ವಕೀಲರು ಕಲಂ ಹೇಳಲಿ.

ಕಪ್ಪು ಕೋಟು
ನ್ಯಾಯ ಸಂಹಿತೆಯ 317. ತಿಳಿದಿದ್ದರೂ, ತಿಳಿಯಲು ಕಾರಣವಿದ್ದರೂ ಸಾಕು.

ಹಳೆ ಬೀಟು
ಇವರು ಹೇಳಿದ್ದು ನೂರಕ್ಕೆ ನೂರು. ನಾನು ನೋಡಿದ ಹಾಗೆ ತೋಟದ ಕಳವು ಪತ್ತೆಯಾಗಿದ್ದು ಹೆಚ್ಚಾಗಿ ಅಂಗಡಿಯ ಕಡೆಯಿಂದಲೇ. ಆದರೆ ಅಂಗಡಿಯವನ ಪುಸ್ತಕ ತೆಗೆಸಬೇಕಾದರೆ ಕೈಯಲ್ಲಿ ಎಫ್‌ಐಆರ್ ಬೇಕು. ಬಿಳಿ ಹಾಳೆ ಹಿಡಿದುಕೊಂಡು ಹೋಗಿ ಯಾವ ಪೊಲೀಸನೂ ಪುಸ್ತಕ ಕೇಳಲು ಬರುವುದಿಲ್ಲ. ಆದ್ದರಿಂದ ಮಗಳೇ, ಮೊದಲು ಅದನ್ನು ಮಾಡಿಸಿ. ಕಣದ ಫೋಟೋ, ಕೊಯ್ದ ಹಗ್ಗ, ನಾಯಿಯನ್ನು ನೋಡಿದ ಪಶು ವೈದ್ಯರ ಚೀಟಿ, ಮೂರನ್ನೂ ಇಟ್ಟುಕೊಂಡು ಹೋಗಿ. ಹಗ್ಗ ಬಿಸಾಡಬೇಡಿ.

ಗೋಣಿಕೊಪ್ಪ ಸಂತೆ
ನಾಯಿ ಈಗ ಹೇಗಿದೆ?

ಮೈಸೂರಿನಲ್ಲಿರುವ ಮಗಳು
ಎರಡು ದಿನದ ನಂತರ ಬರೆಯುತ್ತಿದ್ದೇನೆ, ಊರಿಗೆ ಬಂದಿದ್ದೇನೆ. ನಾಯಿ ಹುಷಾರಾಗಿದೆ, ಯಾರು ಏನು ಕೊಟ್ಟರೂ ಮೂಸಿ ದೂರ ಹೋಗುತ್ತದೆ.

ಇವತ್ತು ಅಪ್ಪನ ಜೊತೆ ನಾನೂ ಠಾಣೆಗೆ ಹೋದೆ. ತೂಕ, ದರ, ಮೊತ್ತ ಬರೆದ ದೂರು, ಫೋಟೋ, ಹಗ್ಗ ಎಲ್ಲ ಮುಂದಿಟ್ಟೆ. ಮೊದಲು ಅದೇ ಮಾತು, "ಇಟ್ಟು ಹೋಗಿ ಮೇಡಂ". ದಾಖಲಿಸಲು ಆಗದಿದ್ದರೆ ಕಾರಣ ಬರೆದು ಹಿಂಬರಹ ಕೊಡಿ, ಎಸ್‌ಪಿ ಕಚೇರಿಗೆ ಅಂಚೆಯಲ್ಲಿ ಕಳಿಸುತ್ತೇನೆ ಅಂದೆ. ಜಗಳ ಮಾಡಲಿಲ್ಲ, ಧ್ವನಿಯೂ ಏರಿಸಲಿಲ್ಲ. ಅರ್ಧ ಗಂಟೆ ಕೂರಿಸಿದರು. ಆಮೇಲೆ ಒಬ್ಬ ಹುಡುಗಿ, ಹೊಸ ಕಾನ್‌ಸ್ಟೇಬಲ್ ಇರಬೇಕು, ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಂಡಳು. ಎಫ್‌ಐಆರ್ ಪ್ರತಿ ಕೈಗೆ ಬಂತು. ಅಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಲೈನ್‌ಮನೆಯಲ್ಲಿ ಬೆಳೆದ ಅಣ್ಣ, ಯಾರ ಮೇಲಾದರೂ ಅನುಮಾನ ಇದೆಯಾ ಅಂತ ಠಾಣೆಯಲ್ಲಿ ಕೇಳಿದರು. ಇಲ್ಲ ಅಂತ ಬರೆಸಿದೆ. ಇತ್ತೀಚೆಗೆ ಅರ್ಧ ಒಣಗಿದ ಕಾಳುಮೆಣಸು ಕೊಂಡ ಅಂಗಡಿಗಳನ್ನು ವಿಚಾರಿಸಿ ಅಂತಲೂ ಬರೆಸಿದೆ.

ಮೈಸೂರಿಗೆ ಬರಲ್ಲ ಅಂದುಬಿಟ್ಟರು ಇಬ್ಬರೂ. "ಮೆಣಸು ಹೋದರೆ ಮುಂದಿನ ವರ್ಷ ಬರುತ್ತೆ, ಮನೆ ಬಿಟ್ಟು ಹೋದರೆ ಯಾರು ದೀಪ ಹಚ್ಚುತ್ತಾರೆ" ಅಂತ ಅಮ್ಮ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಲವಂತ ಮಾಡಲ್ಲ.

ಒಂದು ಸಹಾಯ ಬೇಕು. ಕಣದಲ್ಲಿ ಇನ್ನೂ ಹದಿನೆಂಟು ಚೀಲ ಚೆರಿ ಇದೆ, ಒಣಗಲು ನಾಲ್ಕೈದು ಬಿಸಿಲು ಬೇಕು. ಸೋಮವಾರ ನಾನು ಕೆಲಸಕ್ಕೆ ವಾಪಸ್ ಹೋಗಬೇಕು. ಅಷ್ಟು ದಿನ ರಾತ್ರಿ ಮನೆಯಲ್ಲಿ ಮಲಗಲು ನಂಬಿಕೆಯವರು ಯಾರಾದರೂ ಸಿಗುತ್ತಾರಾ? ಊಟ ಅಮ್ಮ ಕೊಡುತ್ತಾರೆ, ಕೂಲಿ ನಾನು ಕೊಡುತ್ತೇನೆ.

ಲೈನ್‌ಮನೆಯಲ್ಲಿ ಬೆಳೆದವನು
ಅಕ್ಕ, ನಾನು ಈಗ ಸಿದ್ದಾಪುರದಲ್ಲಿದ್ದೇನೆ. ಸೋಮವಾರ ಸಂಜೆ ಕೊನೆ ಬಸ್ಸಿಗೆ ಬರುತ್ತೇನೆ. ಕೂಲಿ ಬೇಡ. ಊರ ಹೆಸರು, ಗೇಟಿನ ಗುರುತು ಮೆಸೇಜ್ ಮಾಡಿ. ಅಮ್ಮನಿಗೆ ಮೊದಲೇ ಹೇಳಿಡಿ, ಕತ್ತಲಾದ ಮೇಲೆ ಬರುವುದರಿಂದ ಗೇಟಿನ ಹತ್ತಿರವೇ ನಿಂತು ಕೂಗುತ್ತೇನೆ.

ಜಮ್ಮಾ ತೋಟ
ಬಸ್ಸು ಬೇಡ ತಮ್ಮಾ. ಆ ದಾರಿಯಲ್ಲಿ ಆನೆ ಇದೆ. ಐದು ಗಂಟೆಗೆ ಸಿದ್ದಾಪುರ ಬಸ್ ಸ್ಟ್ಯಾಂಡಿನಲ್ಲಿ ನಿಂತಿರು, ಜೀಪು ತರುತ್ತೇನೆ.